ನಾಲ್ಕು ಬಿಟ್‌ನ ಕನ್ನಡ

ಮನೆಯ ಕಂಪ್ಯೂಟರಿನಲ್ಲಿ ನಡೆಸಲೆಂದು ಇಳಿಸಿಕೊಳ್ಳುವ ಭಾಷಾ ಮಾದರಿಯ ಫೈಲಿಗೆ ಹೆಸರು ಹೀಗಿರುತ್ತದೆ: ‘ಜೆಮ್ಮಾ-3-4ಬಿ-ಐಟಿ-ಕ್ಯೂ4_ಕೆ_ಎಂ.ಜಿಜಿಯುಎಫ್’. ನೋಡಲು ಡಾಕ್ಟರರ ಚೀಟಿಯ ಹಾಗೆ. ಆದರೆ ಈ ಒಂದು ಸಾಲು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆಯೇ. ಜೆಮ್ಮಾ ಎಂಬುದು ಗೂಗಲ್ ಸಂಸ್ಥೆಯ ಮಾದರಿ. 3 ಅದರ ತಲೆಮಾರು, 2025ರ ಮಾರ್ಚ್‌ನಲ್ಲಿ ಬಂದದ್ದು. 4ಬಿ ಎಂದರೆ ಅದರ ಒಡಲಲ್ಲಿ ಸುಮಾರು 400 ಕೋಟಿ ಸಂಖ್ಯೆಗಳಿವೆ. ತರಬೇತಿಯಲ್ಲಿ ಕಲಿತದ್ದೆಲ್ಲ ಇರುವುದು ಈ ಸಂಖ್ಯೆಗಳಲ್ಲೇ. ಐಟಿ ಅಂದರೆ ಎಲೆಕ್ಟ್ರಾನಿಕ್ ಸಿಟಿಯ ಐಟಿ ಅಲ್ಲ, ಕೊಟ್ಟ ಸೂಚನೆ ಪಾಲಿಸುವಂತೆ ಪಳಗಿಸಿದ ಆವೃತ್ತಿ ಎಂದು. ಕೊನೆಯ ಜಿಜಿಯುಎಫ್ ಫೈಲಿನ ಜಾತಿ. ಉಳಿದದ್ದು ನಡುವಿನ ‘ಕ್ಯೂ4’. ಒಂದೊಂದು ಸಂಖ್ಯೆಯನ್ನೂ ಹೆಚ್ಚುಕಡಿಮೆ ನಾಲ್ಕು ಬಿಟ್‌ಗೆ ಕುಗ್ಗಿಸಿದ್ದೇವೆ ಎಂಬ ಘೋಷಣೆ ಅದು. ಈ ಲೇಖನ ಬಹುಮಟ್ಟಿಗೆ ಆ ಎರಡು ಅಕ್ಷರಗಳ ಬಗ್ಗೆ.

ಕುಗ್ಗಿಸುವುದು ಏಕೆ ಎಂಬುದಕ್ಕೆ ಲೆಕ್ಕ ಸರಳ. ತಯಾರಕರು ಬಿಡುಗಡೆ ಮಾಡುವಾಗ ಪ್ರತಿ ಸಂಖ್ಯೆಗೂ ಸಾಮಾನ್ಯವಾಗಿ 16 ಬಿಟ್, ಅಂದರೆ ಎರಡು ಬೈಟ್ ಜಾಗ. 400 ಕೋಟಿ ಸಂಖ್ಯೆಗೆ 8 ಜಿಬಿ. ನಮ್ಮ ಮನೆಗಳಲ್ಲಿರುವ ಎಷ್ಟೋ ಲ್ಯಾಪ್‌ಟಾಪ್‌ಗಳ ಒಟ್ಟು ರ‍್ಯಾಮ್ ಅಷ್ಟೇ. ಅದರಲ್ಲಿ ವಿಂಡೋಸ್ ಮತ್ತು ಬ್ರೌಸರ್ ಸೇರಿ ಅರ್ಧ ನುಂಗಿ ಕೂತಿರುತ್ತವೆ. ಅದೇ ಮಾದರಿ ಕ್ಯೂ4ಗೆ ಇಳಿದರೆ ಎರಡೂವರೆ ಜಿಬಿ. ಈಗ ಜಾಗ ಸಿಕ್ಕಿತು.

ಈ ಕಥೆ ಶುರುವಾದದ್ದು 2023ರ ಫೆಬ್ರುವರಿ 24ರಂದು. ಫೇಸ್‌ಬುಕ್‌ನ ಮಾತೃಸಂಸ್ಥೆ ಮೆಟಾ ‘ಲಾಮಾ’ ಎಂಬ ಮಾದರಿಗಳನ್ನು ಪ್ರಕಟಿಸಿತು. 700 ಕೋಟಿ ಸಂಖ್ಯೆಗಳಿಂದ 6,500 ಕೋಟಿವರೆಗೆ ನಾಲ್ಕು ಗಾತ್ರ. ಅರ್ಜಿ ಹಾಕಿದ ಸಂಶೋಧಕರಿಗೆ ಮಾತ್ರ ಕೊಡುತ್ತೇವೆ ಎಂದಿತ್ತು ಕಂಪನಿ. ವಾರ ಕಳೆಯುವಷ್ಟರಲ್ಲಿ ಇಡೀ ಗಂಟು ಟೊರೆಂಟ್‌ನಲ್ಲಿ ಸಿಗತೊಡಗಿತು. ಕೈಗೆ ಸಿಕ್ಕಿದ್ದೇನೋ ಸರಿ, ನಡೆಸುವುದು ಯಾವುದರ ಮೇಲೆ? ಲಕ್ಷಗಟ್ಟಲೆ ರೂಪಾಯಿಯ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗಷ್ಟೇ ಅದು ಸಾಧ್ಯವಿತ್ತು.

ಬಲ್ಗೇರಿಯಾದ ಸೋಫಿಯಾ ನಗರದ ಗಿಯೋರ್ಗಿ ಗೆರ್ಗಾನೊವ್ ಎಂಬ ಪ್ರೋಗ್ರಾಮರ್ ಅದಕ್ಕೂ ಮೊದಲೇ ಮಾತನ್ನು ಬರಹಕ್ಕಿಳಿಸುವ ‘ವಿಸ್ಪರ್’ ಮಾದರಿಯನ್ನು ಸಿ++ ಭಾಷೆಯಲ್ಲಿ ಮತ್ತೆ ಬರೆದು ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಓಡಿಸಿದ್ದರು. ಮಾರ್ಚ್ 10ರಂದು ಅವರು ‘ಲಾಮಾ.ಸಿಪಿಪಿ’ಯನ್ನು ಹೊರಗೆ ಬಿಟ್ಟರು. ಒಂದು ಸಂಜೆಯಲ್ಲಿ ಹೊಲಿದದ್ದು, ಸರಿಯಾಗಿ ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ ಎಂಬರ್ಥದ ಒಕ್ಕಣೆ ಜೊತೆಗಿತ್ತು. ನಾಲ್ಕು ಬಿಟ್‌ಗೆ ಕುಗ್ಗಿಸಿದ ಲಾಮಾ ಮ್ಯಾಕ್‌ಬುಕ್ ಒಂದರಲ್ಲಿ, ಬೇರೆ ಕಾರ್ಡಿನ ಹಂಗಿಲ್ಲದೆ, ಮಾತಾಡಿತು. ಕೆಲವೇ ದಿನಗಳಲ್ಲಿ ಯಾರೋ ಪುಣ್ಯಾತ್ಮರು ಅದನ್ನು 4 ಜಿಬಿಯ ರಾಸ್ಪ್‌ಬೆರಿ ಪೈ ಮೇಲೂ ಓಡಿಸಿ ತೋರಿಸಿದರು. ಒಂದು ತುಣುಕು ಪದಕ್ಕೆ ಹತ್ತು ಸೆಕೆಂಡ್. ಒಂದು ವಾಕ್ಯ ಮುಗಿಯುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಆದರೆ ಓಡಿತು, ಅದು ಮುಖ್ಯ. ಇವತ್ತು ಮನೆ ಕಂಪ್ಯೂಟರಿಗೆಂದು ಬರುವ ಹತ್ತಾರು ಸುಂದರ ತಂತ್ರಾಂಶಗಳ ಬಹುಪಾಲು, ಒಳಗೆ ಬಿಚ್ಚಿ ನೋಡಿದರೆ, ಆ ಸಂಜೆಯ ಕೆಲಸದ ಮೇಲೆಯೇ ನಿಂತಿವೆ. ಜಿಜಿಯುಎಫ್‌ನ ಮೊದಲೆರಡು ಅಕ್ಷರ ಕೂಡ ಗೆರ್ಗಾನೊವ್ ಅವರ ಇನಿಷಿಯಲ್‌ಗಳೇ.

ಕುಗ್ಗಿಸುವ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜಿಪ್ ಮಾಡಿದಂತೆ ಅಲ್ಲ ಇದು. ಜಿಪ್ ಬಿಚ್ಚಿದರೆ ಮೂಲ ಫೈಲು ಅಕ್ಷರ ತಪ್ಪದೆ ಸಿಗುತ್ತದೆ. ಇಲ್ಲಿ ಹೋದದ್ದು ಹೋಯಿತು. ಅತಿ ಸರಳ ವಿಧಾನವಾದ ‘ಕ್ಯೂ4_0’ ತೆಗೆದುಕೊಳ್ಳಿ. ಸಂಖ್ಯೆಗಳನ್ನು 32ರಂತೆ ಗುಂಪು ಮಾಡುತ್ತಾರೆ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಳತೆಯದು 0.8 ಎಂದುಕೊಳ್ಳೋಣ. ನಾಲ್ಕು ಬಿಟ್‌ನಲ್ಲಿ ಹಿಡಿಸುವುದು 16 ಮೆಟ್ಟಿಲು ಮಾತ್ರ. ಒಂದು ಮೆಟ್ಟಿಲಿಗೆ 0.1 ಎಂದು ನಿಗದಿ ಮಾಡಿ ಆ ಅಳತೆಗೋಲನ್ನು ಎರಡು ಬೈಟ್‌ನಲ್ಲಿ ಬರೆದಿಡುತ್ತಾರೆ. ಇನ್ನು 0.37 ಇದ್ದದ್ದು ನಾಲ್ಕನೇ ಮೆಟ್ಟಿಲಾಗುತ್ತದೆ, 0.34 ಇದ್ದದ್ದು ಮೂರನೆಯದು. ವಾಪಸ್ ಓದುವಾಗ ಅವು 0.4 ಮತ್ತು 0.3. ಎರಡರ ನಡುವೆ ಇದ್ದ ಕೂದಲೆಳೆಯ ಅಂತರ ಮೂರು ಪಟ್ಟು ಹಿಗ್ಗಿತು. 64 ಬೈಟ್ ಬೇಡುತ್ತಿದ್ದ ಗುಂಪು 18 ಬೈಟ್‌ಗೆ ಇಳಿಯಿತು. ಹೀಗೆ ಕೋಟಿಗಟ್ಟಲೆ ಗುಂಪು.

ಇಷ್ಟೆಲ್ಲ ಒರಟಾಗಿ ಕತ್ತರಿಸಿದ ಮೇಲೂ ಮಾದರಿ ತಲೆ ಕೆಡದೆ ಮಾತಾಡುತ್ತದೆ ಎಂಬುದೇ ಮೊದಮೊದಲು ಎಲ್ಲರಿಗೂ ಆಶ್ಚರ್ಯ. ತಪ್ಪುಗಳು ಎರಡೂ ದಿಕ್ಕಿಗೆ ಹಂಚಿಹೋಗಿ ಬಹುಮಟ್ಟಿಗೆ ಒಂದನ್ನೊಂದು ತಿಂದುಹಾಕುತ್ತವೆ. ಉಳಿಯುವ ತಪ್ಪನ್ನೂ ತಗ್ಗಿಸಲು ಆಸ್ಟ್ರಿಯ ಮತ್ತು ಸ್ವಿಟ್ಜರ್ಲೆಂಡಿನ ಸಂಶೋಧಕರ ‘ಜಿಪಿಟಿಕ್ಯೂ’ ವಿಧಾನ 2022ರಲ್ಲೇ ಬಂದಿತ್ತು. 2023ರ ಜೂನ್‌ನಲ್ಲಿ ಇವಾನ್ ಕಾವ್ರಾಕೊವ್ ಅವರು ಲಾಮಾ.ಸಿಪಿಪಿಗೆ ‘ಕೆ’ ವಿಧಾನಗಳನ್ನು ಸೇರಿಸಿದರು. ಮಾದರಿಯ ಎಲ್ಲ ಭಾಗಗಳನ್ನೂ ಒಂದೇ ಮಟ್ಟಕ್ಕೆ ಕತ್ತರಿಸುವ ಬದಲು ನಾಜೂಕಾದ ಕೆಲವಕ್ಕೆ ಆರು ಬಿಟ್, ಉಳಿದವಕ್ಕೆ ನಾಲ್ಕು. ಫೈಲಿನ ಹೆಸರಿನಲ್ಲಿರುವ ‘ಕೆ_ಎಂ’ ಅದೇ. ಎಂ ಎಂದರೆ ಮಧ್ಯಮ. ಆಗ ಅವರು ಕೊಟ್ಟ ಕೋಷ್ಟಕದಲ್ಲಿ 700 ಕೋಟಿಯ ಲಾಮಾ ಮೂಲರೂಪದಲ್ಲಿ 5.91 ಅಂಕ ಪಡೆದರೆ ಕ್ಯೂ4_ಕೆ_ಎಂ ಪಡೆದದ್ದು 5.96. ಈ ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ಮುಂದಿನ ಪದ ಊಹಿಸುವಾಗ ಮಾದರಿ ಎಷ್ಟು ತಬ್ಬಿಬ್ಬಾಗುತ್ತದೆ ಎಂಬುದರ ಅಳತೆ ಅದು. ಕ್ಯೂ2ಕ್ಕೆ ಇಳಿಸಿದಾಗ 6.78. ನಾಲ್ಕು ಬಿಟ್‌ನಲ್ಲಿ ನಷ್ಟ ಇಲ್ಲವೆಂಬಷ್ಟು ಕಡಿಮೆ ಎಂಬ ನಂಬಿಕೆ ಬೇರೂರಿದ್ದು ಇಂಥ ಕೋಷ್ಟಕಗಳಿಂದ. ಆದರೆ ಅಳೆಯಲು ಬಳಸಿದ ಪಠ್ಯ ಯಾವುದು? ವಿಕಿಪೀಡಿಯದ ಇಂಗ್ಲಿಷ್ ಲೇಖನಗಳು. ಈ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಮೊದಲು ಇನ್‌ಸ್ಟಾಲ್ ಮಾಡಿಕೊಳ್ಳೋಣ.

ಮೂರು ದಾರಿಗಳಿವೆ. ಅತಿ ಸುಲಭದ್ದು ಓಲಾಮಾ. ಅದರ ಅಧಿಕೃತ ತಾಣದಿಂದ ವಿಂಡೋಸ್ ಆವೃತ್ತಿ ಇಳಿಸಿ ಎರಡು ಸಲ ಕ್ಲಿಕ್ ಮಾಡಿದರೆ ಆಯಿತು. ಮೊದಲು ಕಪ್ಪು ಕಿಟಕಿಯಲ್ಲಿ ‘ಓಲಾಮಾ ರನ್ ಜೆಮ್ಮಾ3:4ಬಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕಿತ್ತು. 2025ರ ಜುಲೈನಿಂದ ಸಾಧಾರಣ ಚಾಟ್ ಕಿಟಕಿಯೂ ಇದೆ. ಮೂರು ಜಿಬಿ ಚಿಲ್ಲರೆ ಡೌನ್‌ಲೋಡ್ ಆಗುತ್ತದೆ, ಚಿತ್ರ ನೋಡುವ ಭಾಗವೂ ಅದರಲ್ಲಿ ಸೇರಿರುವುದರಿಂದ. ಆಮೇಲೆ ವೈಫೈ ಆಫ್ ಮಾಡಿ ಪ್ರಶ್ನೆ ಕೇಳಿ ನೋಡಿ, ಉತ್ತರ ಬರುತ್ತದೆ. ನಂಬದವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಾತ್ಯಕ್ಷಿಕೆ ಇಲ್ಲ. ಒಂದೇ ತಕರಾರು: ಎಷ್ಟು ಬಿಟ್ ಬೇಕು ಎಂದು ಓಲಾಮಾ ನಿಮ್ಮನ್ನು ಕೇಳುವುದಿಲ್ಲ. ಹೆಸರಷ್ಟೇ ಹೇಳಿದರೆ ಸಾಮಾನ್ಯವಾಗಿ ನಾಲ್ಕು ಬಿಟ್‌ನದನ್ನೇ ತಂದು ಮುಂದಿಡುತ್ತದೆ. ಬೇರೆ ಬೇಕಿದ್ದರೆ ಹೆಸರಿನ ಬಾಲದಲ್ಲಿ ‘ಕ್ಯೂ8_0’ ಮುಂತಾಗಿ ನೀವೇ ಬರೆಯಬೇಕು. ಅಂಥದ್ದೊಂದು ಆಯ್ಕೆ ಇದೆ ಎಂಬುದೇ ಹೊಸಬರಿಗೆ ತಿಳಿಯುವುದಿಲ್ಲ.

ಎರಡನೆಯದು ಎಲ್‌ಎಂ ಸ್ಟುಡಿಯೊ. ನನ್ನ ಮತ ಇದಕ್ಕೆ. ಹುಡುಕುಪೆಟ್ಟಿಗೆಯಲ್ಲಿ ಮಾದರಿಯ ಹೆಸರು ಹಾಕಿದರೆ ಕ್ಯೂ3, ಕ್ಯೂ4, ಕ್ಯೂ6, ಕ್ಯೂ8 ಎಲ್ಲವನ್ನೂ ಗಾತ್ರದ ಸಮೇತ ಪಟ್ಟಿ ಮಾಡಿ, ನಿಮ್ಮ ಯಂತ್ರಕ್ಕೆ ಯಾವುದು ಹಿಡಿಸೀತು ಎಂದೂ ಸೂಚಿಸುತ್ತದೆ. ಹಳೆಯ ಪ್ರೊಸೆಸರ್ ಆದರೆ ‘ಎವಿಎಕ್ಸ್2’ ಸೌಲಭ್ಯ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಇದು ಓಡುವುದಿಲ್ಲ. ಮೂರನೆಯದು ನೇರವಾಗಿ ಲಾಮಾ.ಸಿಪಿಪಿ. ಒಂದು ಕಾಲಕ್ಕೆ ಕಂಪೈಲರ್ ಹಾಕಿಕೊಂಡು ಗಂಟೆಗಟ್ಟಲೆ ಗುದ್ದಾಡಬೇಕಿತ್ತು. ಈಗ ವಿಂಡೋಸ್‌ನಲ್ಲಿ ‘ವಿನ್‌ಗೆಟ್ ಇನ್‌ಸ್ಟಾಲ್ ಲಾಮಾ.ಸಿಪಿಪಿ’ ಎಂಬ ಒಂದು ಆಜ್ಞೆ ಸಾಕು. ಮೊಜಿಲ್ಲಾ ಬೆಂಬಲದ ‘ಲಾಮಾಫೈಲ್’ ಎಂಬುದೂ ಉಂಟು: ಮಾದರಿ, ತಂತ್ರಾಂಶ ಎಲ್ಲ ಸೇರಿ ಒಂದೇ ಫೈಲು, ಇನ್‌ಸ್ಟಾಲ್ ಎಂಬ ಮಾತೇ ಇಲ್ಲ. ಉಪಾಯ ಚೆನ್ನಾಗಿದೆ, ಆದರೆ 4 ಜಿಬಿ ಮೀರಿದ ಪ್ರೋಗ್ರಾಂ ಫೈಲನ್ನು ವಿಂಡೋಸ್ ನಡೆಸುವುದೇ ಇಲ್ಲ. ದೊಡ್ಡ ಮಾದರಿಯಾದರೆ ಸಂಖ್ಯೆಗಳ ಫೈಲನ್ನು ಮತ್ತೆ ಬೇರೆ ಇಡಬೇಕು.

ಈ 4 ಜಿಬಿ ಇನ್ನೊಂದು ಕಡೆಯೂ ಕಾಡುತ್ತದೆ. ಹಳ್ಳಿಯ ನೆಟ್‌ನಲ್ಲಿ ಐದು ಜಿಬಿ ಇಳಿಸಲಾಗದೆ ಗೆಳೆಯರಿಂದ ಪೆನ್‌ಡ್ರೈವ್‌ನಲ್ಲಿ ತರಿಸಿಕೊಳ್ಳುವವರು ಬಹಳ. ಡ್ರೈವ್ 64 ಜಿಬಿಯದಿದ್ದರೂ ಫೈಲು ಕಾಪಿ ಆಗುವುದಿಲ್ಲ, ಫೈಲು ತೀರಾ ದೊಡ್ಡದು ಎಂಬಂಥ ಸಂದೇಶ ಬರುತ್ತದೆ. ಡ್ರೈವ್ ಹಳೆಯ ‘ಫ್ಯಾಟ್32’ ವ್ಯವಸ್ಥೆಯಲ್ಲಿರುವುದು ಕಾರಣ. ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ‘ಎಕ್ಸ್‌ಫ್ಯಾಟ್’ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಇನ್ನು ಓಲಾಮಾ ತನ್ನ ಮಾದರಿಗಳನ್ನು ಸಿ ಡ್ರೈವ್‌ನ ಯೂಸರ್ ಫೋಲ್ಡರ್‌ನೊಳಗೆ ತುಂಬುತ್ತ ಹೋಗುತ್ತದೆ. ನಾಲ್ಕೈದು ಮಾದರಿ ತರಿಸಿ ನೋಡಿದ ಮೇಲೆ ಸಿ ಡ್ರೈವ್ ಕೆಂಪಾದರೆ ಬೇರೆಲ್ಲೂ ಹುಡುಕಬೇಕಿಲ್ಲ.

ವೇಗದ ವಿಷಯದಲ್ಲಿ ಜನ ಪ್ರೊಸೆಸರ್ ಐ5ಓ ಐ7ಓ ಎಂದು ಕೇಳುತ್ತಾರೆ. ಇಲ್ಲಿ ಅದು ಎರಡನೇ ಪ್ರಶ್ನೆ. ಮಾದರಿ ಒಂದು ಟೋಕನ್, ಅಂದರೆ ಒಂದು ತುಣುಕು ಪದ ಉಗುಳಬೇಕಾದರೆ ತನ್ನೆಲ್ಲ ಸಂಖ್ಯೆಗಳನ್ನೂ ಒಮ್ಮೆ ರ‍್ಯಾಮ್‌ನಿಂದ ಪ್ರೊಸೆಸರ್‌ಗೆ ಎಳೆದು ತರಬೇಕು. ಹಾಗಾಗಿ ವೇಗ ನಿರ್ಧಾರವಾಗುವುದು ರ‍್ಯಾಮ್‌ನಿಂದ ಸೆಕೆಂಡಿಗೆ ಎಷ್ಟು ಜಿಬಿ ಹರಿಯುತ್ತದೆ ಎಂಬುದರ ಮೇಲೆ. ಡಿಡಿಆರ್4-3200 ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಗರಿಷ್ಠ 25.6 ಜಿಬಿ. ಎರಡೂವರೆ ಜಿಬಿಯ ಮಾದರಿಗೆ ಸೆಕೆಂಡಿಗೆ ಹತ್ತು ಟೋಕನ್ ಎಂಬುದು ಮೇಲ್ಮಿತಿ, ಸಿಗುವುದು ಅದಕ್ಕಿಂತ ಕಡಿಮೆ. ಅದೇ ಅಳತೆಯ ಇನ್ನೊಂದು ಕಡ್ಡಿಯನ್ನು ಪಕ್ಕದ ಖಾಲಿ ಸ್ಲಾಟ್‌ಗೆ ಹಾಕಿದರೆ ದಾರಿ ಎರಡಾಗಿ ಮಿತಿ 51.2ಕ್ಕೆ ಏರುತ್ತದೆ. ಪ್ರೊಸೆಸರ್ ಅದೇ, ವೇಗ ಹೆಚ್ಚುಕಡಿಮೆ ದುಪ್ಪಟ್ಟು. 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡಿನ ಸ್ವಂತ ಮೆಮೊರಿಯಲ್ಲಿ ಈ ಹರಿವು 360 ಜಿಬಿ. ಆಟದ ಹುಡುಗರು ಕೊಂಡ ಹಳೆಯ ಕಾರ್ಡುಗಳಿಗೆ ಹೀಗಾಗಿ ಎರಡನೇ ಜನ್ಮ ಬಂತು. ಕುಗ್ಗಿಸಿದ ಮಾದರಿ ವೇಗವಾಗಿ ಓಡುವುದಕ್ಕೂ ಇದೇ ಕಾರಣ: ಎಳೆದು ತರಬೇಕಾದದ್ದು ಕಡಿಮೆ.

ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಲ್ಲಿ ಇದನ್ನೆಲ್ಲ ವಿವರಿಸುವ ಅಗತ್ಯ ಬೀಳುವುದಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ನೋಡಿ, “ಸಾರ್, ಒಂದು ಸ್ಲಾಟ್ ಖಾಲಿ ಇದೆ, ಇನ್ನೊಂದೆಂಟು ಹಾಕ್ಸಿಬಿಡಿ” ಎಂದು ಅವರೇ ಹೇಳುತ್ತಾರೆ. ಕಷ್ಟ ಬಂದಿರುವುದು ಬೆಲೆಯಲ್ಲಿ. ಎಐ ಕಂಪನಿಗಳ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್‌ಗಳನ್ನು ಸಾರಾಸಗಟಾಗಿ ಎತ್ತಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ‍್ಯಾಮ್ ದುಬಾರಿಯಾಗಿದೆ. ಅಮೆರಿಕದ ಮೈಕ್ರಾನ್ ಕಂಪನಿಯಂತೂ ಮನೆಬಳಕೆಯ ‘ಕ್ರೂಶಿಯಲ್’ ರ‍್ಯಾಮ್ ವ್ಯಾಪಾರವನ್ನೇ ಮುಚ್ಚುವುದಾಗಿ ಆ ಡಿಸೆಂಬರ್‌ನಲ್ಲಿ ಸಾರಿತು. ದೊಡ್ಡ ಕಂಪನಿಗಳ ಹಂಗು ಬೇಡವೆಂದು ಮನೆಯಲ್ಲೇ ಮಾದರಿ ನಡೆಸಲು ಹೊರಟವರಿಗೆ ರ‍್ಯಾಮ್ ಬೆಲೆ ಏರಿಸಿ ಕೂತವರೂ ಅದೇ ದೊಡ್ಡ ಕಂಪನಿಗಳು.

ಈಗ ಪಕ್ಕಕ್ಕಿಟ್ಟ ಪ್ರಶ್ನೆಗೆ ಬರೋಣ. ಕನ್ನಡ ಇದರಲ್ಲಿ ಎಲ್ಲಿ ನಿಲ್ಲುತ್ತದೆ?

ಮಾದರಿಗೆ ಅಕ್ಷರ ಕಾಣುವುದಿಲ್ಲ, ಟೋಕನ್ ಕಾಣುತ್ತದೆ. ಲಾಮಾದ ಮೊದಲೆರಡು ತಲೆಮಾರುಗಳ ಪದಪಟ್ಟಿಯಲ್ಲಿ ಇದ್ದದ್ದು 32,000 ಟೋಕನ್. ಬಹುಪಾಲು ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳದು. ಪಟ್ಟಿಯಲ್ಲಿಲ್ಲದ ಅಕ್ಷರ ಬಂದರೆ ಅದನ್ನು ಬೈಟ್‌ಗಳಾಗಿ ಒಡೆಯುತ್ತಿತ್ತು. ಯುನಿಕೋಡ್‌ನ ಯುಟಿಎಫ್-8 ಬರಹದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟ್. ‘ಕನ್ನಡ’ ಎಂಬ ಪದದಲ್ಲಿ ನಡುವಿನ ಹಲಂತ ಚಿಹ್ನೆಯೂ ಸೇರಿ ಐದು ಚಿಹ್ನೆ, ಹದಿನೈದು ಬೈಟ್. ಇಂಗ್ಲಿಷ್‌ನಲ್ಲಿ ಒಂದೋ ಎರಡೋ ಟೋಕನ್‌ಗೆ ಮುಗಿಯುವ ಮಾತು ಇಲ್ಲಿ ಹತ್ತರ ಆಚೆ ಹೋಗಬಲ್ಲದು. ಟೋಕನ್ ಹೆಚ್ಚಾದಷ್ಟೂ ನಿಧಾನ, ಒಮ್ಮೆಗೆ ಓದಬಲ್ಲ ಪಠ್ಯವೂ ಅಷ್ಟು ಗಿಡ್ಡ. ಜೆಮ್ಮಾ 3ರ ಪಟ್ಟಿ 2,62,000 ಟೋಕನ್‌ಗಳದು, 140ಕ್ಕೂ ಹೆಚ್ಚು ಭಾಷೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು. ಇದೇ ಲೇಖನದ ಮೊದಲ ಸಾಲಿಗೆ ಆ ಹೆಸರು ಬಂದದ್ದು ಈ ಕಾರಣಕ್ಕೆ. ಸಣ್ಣ ಮಾದರಿಗಳಲ್ಲಿ ಕನ್ನಡವನ್ನು ಸಹನೀಯವಾಗಿ ಬರೆಯುವುದು ಅದು ಎಂಬುದು ನನ್ನ ಅನುಭವ. ಆದರೂ ಕನ್ನಡದ ಪದಕ್ಕೆ ಮೂರು ಟೋಕನ್ ಎಂದು ಹಿಡಿದರೆ ಸೆಕೆಂಡಿಗೆ ಹತ್ತು ಟೋಕನ್ ಕೊಡುವ ಯಂತ್ರದಿಂದ ಸಿಗುವುದು ಮೂರು ಪದ. ಜೋರಾಗಿ ಓದುವ ವೇಗಕ್ಕೆ ಸಾಕು.

ಟೋಕನ್ ತೊಂದರೆ ಕಣ್ಣಿಗೆ ಕಾಣುತ್ತದೆ. ಬಿಟ್‌ನ ತೊಂದರೆ ಕಾಣುವುದಿಲ್ಲ, ಅದಕ್ಕೇ ಅಪಾಯ. ಪುತ್ತೂರಿನ ವಕೀಲ ಮಿತ್ರರೊಬ್ಬರ ಕಚೇರಿಯಲ್ಲಿ ಅದನ್ನು ನಾನು ಸ್ಪಷ್ಟವಾಗಿ ಕಂಡೆ. “ಕಕ್ಷಿದಾರರ ಕಾಗದ ಎಲ್ಲಿಯೋ ಅಮೆರಿಕದ ಕಂಪ್ಯೂಟರಿಗೆ ಹೋಗುವುದು ಬೇಡ ಮಾರಾಯ್ರೆ, ನನ್ನ ಟೇಬಲಿನ ಮೇಲೆಯೇ ಆಗುವುದಾದರೆ ಹೇಳಿ” ಎಂಬುದು ಅವರ ಷರತ್ತು. ನ್ಯಾಯವಾದದ್ದೇ. ಅವರ 16 ಜಿಬಿ ಲ್ಯಾಪ್‌ಟಾಪ್‌ಗೆ ಪರಿಚಯದ ಹುಡುಗನೊಬ್ಬ ಅದಾಗಲೇ 12ಬಿಯ ಜೆಮ್ಮಾ ಹಾಕಿಕೊಟ್ಟಿದ್ದ. ಡೌನ್‌ಲೋಡ್ ಬೇಗ ಮುಗಿಯಲೆಂದು ಕ್ಯೂ2 ಆರಿಸಿದ್ದ, ಐದು ಜಿಬಿಗೂ ಒಳಗೆ. ಹಳೆಯ ಕ್ರಯಪತ್ರವೊಂದರ ಪಠ್ಯ ಕೊಟ್ಟು ಸಾರಾಂಶ ಕೇಳಿದೆವು. ಚಂದದ ಕನ್ನಡದಲ್ಲಿ ಉತ್ತರ ಬಂತು. ವಕೀಲರು ಕನ್ನಡಕ ಏರಿಸಿ ಚಕ್ಕುಬಂದಿಗೆ ಹೋದರು. ಮೂಲದಲ್ಲಿ ಪಡುವಲಿಗೆ ತೋಡು, ಬಡಗಲಿಗೆ ರಸ್ತೆ. ಸಾರಾಂಶದಲ್ಲಿ ತೋಡು ಬಡಗಲಿಗೆ ಹರಿದಿತ್ತು, ರಸ್ತೆ ಮಾಯ. ಸೆಂಟ್ಸ್ ಲೆಕ್ಕ ಸರಿಯಿತ್ತು. ಒಂದು ಕಡೆ ‘ಮಾರಿದವರು’ ಮತ್ತು ‘ಕೊಂಡವರು’ ಅದಲುಬದಲಾಗಿದ್ದರು. ವಾಕ್ಯ ಮಾತ್ರ ಎಲ್ಲೂ ಎಡವಿರಲಿಲ್ಲ.

“ಗುಮಾಸ್ತ ಹೀಗೆ ಬರೆದಿದ್ದರೆ ಮರುದಿನ ಕೆಲಸಕ್ಕೆ ಬರುವುದು ಬೇಡ ಎನ್ನುತ್ತಿದ್ದೆ” ಎಂದರು ಅವರು.

ಅದೇ ಮಾದರಿಯ ಕ್ಯೂ6 ಫೈಲು ಇಳಿಸಿದೆವು, ಹತ್ತು ಜಿಬಿಯ ಹತ್ತಿರ. ಬ್ರೌಸರ್ ಮುಚ್ಚಿದ ಮೇಲೆಯೇ ಅದಕ್ಕೆ ಜಾಗ ಸಿಕ್ಕಿದ್ದು. ಉತ್ತರ ತೆವಳುತ್ತ ಬಂತು, ದಿಕ್ಕುಗಳು ಸರಿಯಾಗಿದ್ದವು.

ಒಂದು ಕ್ರಯಪತ್ರದಿಂದ ನಿಯಮ ಕಟ್ಟುವಂತಿಲ್ಲ, ಒಪ್ಪಿದೆ. ಆದರೆ ಕೆನಡಾ ಮೂಲದ ಕೊಹಿಯರ್ ಸಂಸ್ಥೆಯ ಸಂಶೋಧಕರು 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಕಡೆಗೆ ಬೆರಳು ತೋರಿಸುತ್ತದೆ. ಕುಗ್ಗಿಸುವಿಕೆಯ ಪೆಟ್ಟು ಎಲ್ಲ ಭಾಷೆಗೂ ಸಮವಾಗಿ ಬೀಳುವುದಿಲ್ಲ, ಲ್ಯಾಟಿನ್ ಲಿಪಿಯಲ್ಲದ ಭಾಷೆಗಳಿಗೆ ಹೆಚ್ಚು ಬೀಳುತ್ತದೆ ಎಂಬುದು ಅವರ ಒಂದು ತೀರ್ಮಾನ. ಇನ್ನೊಂದು ಅದಕ್ಕಿಂತ ಗಂಭೀರ. ಜಪಾನಿ ಭಾಷೆಯಲ್ಲಿ ಯಾಂತ್ರಿಕ ಪರೀಕ್ಷೆಗಳು ಸರಾಸರಿ ಶೇ 1.7ರಷ್ಟು ಕುಸಿತ ತೋರಿಸಿದ ಕಡೆ, ಮನುಷ್ಯರನ್ನು ಕೂರಿಸಿ ಓದಿಸಿದಾಗ ಕುಸಿತ ಶೇ 16ರಷ್ಟಿತ್ತು. ಯಂತ್ರದ ಅಳತೆಗೆ ಸಿಗದ ಹಾನಿ ಓದುಗನ ಕಣ್ಣಿಗೆ ಸಿಕ್ಕಿತು. ಕನ್ನಡ ಅವರ ಪಟ್ಟಿಯಲ್ಲಿರಲಿಲ್ಲ. ಜಪಾನಿಯಷ್ಟು ದೊಡ್ಡ ಡಿಜಿಟಲ್ ಗ್ರಂಥರಾಶಿ ಇರುವ ಭಾಷೆಗೇ ಈ ಗತಿಯಾದರೆ ನಮ್ಮದನ್ನು ಊಹಿಸುವುದು ಕಷ್ಟವಲ್ಲ.

ಕಾರಣವೂ ಅಷ್ಟೇನೂ ನಿಗೂಢವಲ್ಲ. ತರಬೇತಿಯ ಪಠ್ಯದಲ್ಲಿ ಇಂಗ್ಲಿಷ್ ಬೆಟ್ಟದಷ್ಟು, ಕನ್ನಡ ಒಂದು ಚೂರು. ಇಂಗ್ಲಿಷ್ ಜ್ಞಾನ ಸಂಖ್ಯೆಗಳ ಉದ್ದಗಲಕ್ಕೂ ಹಲವು ಸಲ ಬರೆದಂತೆ ಹರಡಿಕೊಂಡಿದೆ. ಕನ್ನಡದ್ದು ಅಂಥ ಕೂದಲೆಳೆ ಅಂತರಗಳಲ್ಲಿ ನಿಂತಿದೆ, 0.37ಕ್ಕೂ 0.34ಕ್ಕೂ ಇರುವಂಥವುಗಳಲ್ಲಿ. ಹಾಗೆಂದು ನನ್ನ ತಿಳಿವಳಿಕೆ. ಇದರ ಮೇಲೆ, ಹೊಸ ಕುಗ್ಗಿಸುವ ವಿಧಾನಗಳಲ್ಲಿ ಯಾವ ಸಂಖ್ಯೆ ಮುಖ್ಯ, ಯಾವುದನ್ನು ಕತ್ತರಿಸಿದರೂ ನಡೆದೀತು ಎಂದು ತೀರ್ಮಾನಿಸಲು ಮಾದರಿಯ ಮೂಲಕ ಒಂದಿಷ್ಟು ಪಠ್ಯ ಓಡಿಸಿ ನೋಡುತ್ತಾರೆ. ಆ ಪಠ್ಯ ಬಹುಪಾಲು ಇಂಗ್ಲಿಷ್. ಇಂಗ್ಲಿಷ್ ಓದುವಾಗ ಕೆಲಸಕ್ಕೆ ಬಾರದೆ ಕೂತ ಸಂಖ್ಯೆ ಅಮುಖ್ಯ ಎನಿಸಿಕೊಳ್ಳುತ್ತದೆ. ಅದು ಕನ್ನಡದ ವಿಭಕ್ತಿಪ್ರತ್ಯಯ ಕಾಯುತ್ತಿದ್ದ ಸಂಖ್ಯೆಯೋ ಏನೋ, ಕೇಳಿದವರಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ. ಕನ್ನಡ ಪಠ್ಯ ಕೊಟ್ಟು ನೋಡಿದ ಕೈಗಳು ಕಡಿಮೆ, ಅಷ್ಟೆ.

ಕನ್ನಡಕ್ಕೆಂದೇ ಕೆಲಸ ಮಾಡಿದವರು ಇಲ್ಲವೇ ಇಲ್ಲ ಎನ್ನುವಂತಿಲ್ಲ. 2024ರ ಆರಂಭದಲ್ಲಿ ಲಾಮಾ 2ರ ಮೇಲೆ ಕನ್ನಡ ಕಲಿಸಿದ ಎರಡು ಮಾದರಿಗಳು ಬಂದವು: ಟೆನ್ಸಾಯಿಕ್ ತಂಡದ ‘ಕನ್ ಲಾಮಾ’, ಕಾಗ್ನಿಟಿವ್‌ಲ್ಯಾಬ್ ತಂಡದ ‘ಅಂಬಾರಿ’. ಎರಡೂ ಚಿಕ್ಕ ತಂಡಗಳು, ಪದಪಟ್ಟಿಗೆ ಕನ್ನಡದ ಟೋಕನ್‌ಗಳನ್ನು ಸೇರಿಸುವಲ್ಲಿಂದ ಶುರು ಮಾಡಿದ್ದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಸರ್ವಂ ಎಐ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳ ‘ಸರ್ವಂ-1’ ಬಿಟ್ಟಿತು. 200 ಕೋಟಿ ಸಂಖ್ಯೆಗಳ ಪುಟ್ಟ ಮಾದರಿ. ಭಾರತೀಯ ಭಾಷೆಯ ಪದಕ್ಕೆ 1.4ರಿಂದ 2.1 ಟೋಕನ್ ಸಾಕು ಎಂಬುದು ಕಂಪನಿ ಕೊಟ್ಟ ಲೆಕ್ಕ. ಆದರೆ ಅದು ಪಠ್ಯ ಮುಂದುವರಿಸುವ ಮೂಲ ಮಾದರಿ. ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಬದಲು ಇನ್ನೊಂದು ಪ್ರಶ್ನೆ ಬರೆದರೂ ಬರೆದೀತು. ಇನ್‌ಸ್ಟಾಲ್ ಮಾಡಿ ಬೇಸರಪಟ್ಟವರಿಗೆ ಇದು ಗೊತ್ತಿರುವುದಿಲ್ಲ.

ಹೆಸರಿನಿಂದಲೇ ಮೋಸ ಹೋಗುವ ಇನ್ನೊಂದು ಜಾಗವೂ ಇದೆ. 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ಆರ್1 ಸುದ್ದಿ ಮಾಡಿದಾಗ ಊರೆಲ್ಲ ‘ನಮ್ಮ ಲ್ಯಾಪ್‌ಟಾಪಿನಲ್ಲಿ ಡೀಪ್‌ಸೀಕ್ ಓಡುತ್ತಿದೆ’ ಎಂದು ಬೀಗಿತು. ನಿಜವಾದ ಆರ್1ನಲ್ಲಿರುವುದು 67,100 ಕೋಟಿ ಸಂಖ್ಯೆ. ಲ್ಯಾಪ್‌ಟಾಪಿಗೆ ಬಂದ 7ಬಿ ಎಂಬುದು ಅಲಿಬಾಬಾ ಕಂಪನಿಯ ‘ಕ್ವೆನ್’. ಅದಕ್ಕೆ ಆರ್1ನ ಉತ್ತರಗಳಿಂದ ಪಾಠ ಹೇಳಿಸಿದ್ದರು.

ಸುರಕ್ಷತೆಯ ಮಾತು ಚುಟುಕಾಗಿ. ತಂತ್ರಾಂಶವನ್ನು ಅದರದೇ ತಾಣದಿಂದ ಇಳಿಸಿ, ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿಯಿಂದ ಬೇಡ. ಮಾದರಿಗಳಲ್ಲಿ ಜಿಜಿಯುಎಫ್ ಅಥವಾ ಸೇಫ್‌ಟೆನ್ಸರ್ಸ್ ಫೈಲುಗಳನ್ನೇ ಆರಿಸಿ. ಹಳೆಯ ‘ಪಿಕಲ್’ ಬಗೆಯ ಫೈಲುಗಳು ತೆರೆಯುವಾಗಲೇ ಒಳಗೆ ಅಡಗಿಸಿದ ಪ್ರೋಗ್ರಾಂ ನಡೆಸಬಲ್ಲವು. ಓಲಾಮಾ ನಿಮ್ಮ ಯಂತ್ರದ 11434ನೇ ಪೋರ್ಟ್‌ನಲ್ಲಿ ಕೂತಿರುತ್ತದೆ, ಅದಕ್ಕೆ ಪಾಸ್‌ವರ್ಡ್ ಇಲ್ಲ. ಫೋನಿನಿಂದಲೂ ಬಳಸೋಣವೆಂದು ಅದನ್ನು ಇಡೀ ನೆಟ್‌ವರ್ಕ್‌ಗೆ ತೆರೆದಿಟ್ಟವರು ಏನು ತೆರೆದಿದ್ದೇವೆಂದು ತಿಳಿದಿರಬೇಕು. ಇನ್ನೂ ಒಂದು: ಓಲಾಮಾ 2025ರ ಸೆಪ್ಟೆಂಬರ್‌ನಿಂದ ‘ಕ್ಲೌಡ್’ ಎಂಬ ಬಾಲವಿರುವ ಮಾದರಿಗಳನ್ನೂ ಕೊಡುತ್ತಿದೆ. ಅವು ನಡೆಯುವುದು ಅವರ ಸರ್ವರ್‌ಗಳಲ್ಲಿ. ನಮ್ಮ ಪುತ್ತೂರಿನ ವಕೀಲರ ಷರತ್ತು ಅಲ್ಲಿಗೆ ಮುರಿಯಿತು.

ಇಷ್ಟೆಲ್ಲ ಮಾಡಿ ಮನೆಯಲ್ಲಿ ಕೂತ ಮಾದರಿ ಕೆಲಸಕ್ಕೆ ಬರುತ್ತದೆಯೇ? ಇಂಗ್ಲಿಷ್ ಪತ್ರದ ತಾತ್ಪರ್ಯಕ್ಕೆ, ಕರಡು ತಿದ್ದಲು, ಉದ್ದನೆ ಸುತ್ತೋಲೆಯಲ್ಲಿ ನಮಗೆ ಬೇಕಾದ ಒಂದು ಪ್ಯಾರಾ ಹುಡುಕಲು ಬರುತ್ತದೆ. ಕನ್ನಡದ ಇತಿಹಾಸ, ಸಾಹಿತ್ಯದ ಸಂಗತಿ ಕೇಳಬೇಡಿ; ಇಲ್ಲದ ಕವಿಗೆ ಇಲ್ಲದ ಕೃತಿ ಕಟ್ಟಿಕೊಡುತ್ತದೆ. ನೆಟ್ ಇಲ್ಲದಾಗಲೂ ನಡೆಯುತ್ತದೆ, ತಿಂಗಳ ಬಾಡಿಗೆ ಇಲ್ಲ, ಹೇಳಿದ್ದು ಮನೆ ಬಿಟ್ಟು ಹೋಗುವುದಿಲ್ಲ. ಈ ಮೂರಕ್ಕಾಗಿ ಅದರ ಮಿತಿಗಳನ್ನು ಸಹಿಸಬಹುದು ಎಂಬುದು ನನ್ನ ಲೆಕ್ಕ.

8 ಜಿಬಿ ರ‍್ಯಾಮ್ ಇರುವವರು 4ಬಿಯ ಜೆಮ್ಮಾವನ್ನು ಕ್ಯೂ4_ಕೆ_ಎಂನಲ್ಲಿ ಹಾಕಿಕೊಳ್ಳಿ. ಅದಕ್ಕಿಂತ ಒಳ್ಳೆಯದು ಗೂಗಲ್ 2025ರ ಏಪ್ರಿಲ್‌ನಲ್ಲಿ ಬಿಟ್ಟ ‘ಕ್ಯೂಎಟಿ’ ಆವೃತ್ತಿ. ನಾಲ್ಕು ಬಿಟ್‌ಗೆ ಇಳಿಯಲಿದ್ದೇನೆ ಎಂಬುದನ್ನು ತರಬೇತಿಯಲ್ಲೇ ಕಲಿತದ್ದು ಅದು. 16 ಜಿಬಿ ಇದ್ದರೆ 12ಬಿಯನ್ನು ನಾಲ್ಕರಿಂದ ಆರು ಬಿಟ್‌ನಲ್ಲಿ. ಇಂಗ್ಲಿಷ್ ಕೆಲಸಕ್ಕಾದರೆ ಮೂರು ಬಿಟ್ ಕೂಡ ನಡೆದೀತು. ಕನ್ನಡಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಬೇಡಿ, ಎಷ್ಟೇ ಬೇಗ ಡೌನ್‌ಲೋಡ್ ಆಗುತ್ತದೆ ಎಂದರೂ. ಮತ್ತು ಕಂಪ್ಯೂಟರ್ ಬಲ್ಲ ಕನ್ನಡಿಗರಲ್ಲಿ ಒಂದು ಕೋರಿಕೆ: ಯಾವ ಸಂಖ್ಯೆ ಮುಖ್ಯ ಎಂದು ಅಳೆಯುವ ಸಾಧನ, ಕುಗ್ಗಿಸಿದ ಮೇಲೆ ಎಷ್ಟು ಕೆಟ್ಟಿತು ಎಂದು ಅಳೆಯುವ ಸಾಧನ, ಎರಡೂ ಲಾಮಾ.ಸಿಪಿಪಿಯ ಜೊತೆಯಲ್ಲೇ ಉಚಿತವಾಗಿ ಬರುತ್ತವೆ. ಕನ್ನಡ ವಿಕಿಪೀಡಿಯದ ಪಠ್ಯ ಮುಕ್ತವಾಗಿ ಸಿಗುತ್ತದೆ. ಒಂದು ಭಾನುವಾರ ಕೂತು ಆ ಪಠ್ಯ ಕೊಟ್ಟು ಅಳೆಯಿರಿ, ಕನ್ನಡದ ಅಂಕಗಳ ಕೋಷ್ಟಕವನ್ನು ಎಲ್ಲರಿಗೂ ಕಾಣುವಲ್ಲಿ ಹಾಕಿ.